ಹೆಂಚಿನ ಕೆಳಗಿನ ಗಾಳಿ

ಇರುಳಿಡೀ ತೆರೆದ ಆಕಾಶಕ್ಕೆ ಮೈಯೊಡ್ಡಿದ ಹೆಂಚು ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು, ಬೆಳಗಿನ ಜಾವಕ್ಕೆ ಸುತ್ತಲ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಅದರ ಬೆನ್ನ ಮೇಲೆ ಇಬ್ಬನಿ ಕೂರುವುದು ಅದಕ್ಕೇ. ಆ ಹೊತ್ತಿನಲ್ಲಿ ಅಟ್ಟ ಮನೆಯ ಅತ್ಯಂತ ಹಿತವಾದ ಜಾಗ. ಏಪ್ರಿಲ್ ಮಧ್ಯಾಹ್ನ ಅದೇ ಅಟ್ಟದಲ್ಲಿ ಹತ್ತು ನಿಮಿಷ ಕೂರಲಾಗುವುದಿಲ್ಲ.

ಕರಾವಳಿ, ಮಲೆನಾಡಿನ ಎಷ್ಟೋ ಹಳೆಯ ಮನೆಗಳಲ್ಲಿ ಅಟ್ಟ ಈಗ ಬರಿದಾಗಿದೆ. ಅಕ್ಕಿಮುಡಿ, ಸುಲಿಯದ ಅಡಿಕೆ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಯಾವುದೂ ಇಲ್ಲ. ಕೆಳಗೆ ಮಾತ್ರ ಓದುವ ಮಗುವಿಗೊಂದು ಮೂಲೆ ಸಿಗುತ್ತಿಲ್ಲ. ಆಗ ಮಾಡು ಕಿತ್ತು ತಾರಸಿ ಹಾಕಿಸುವ ಮಾತು ಬರುತ್ತದೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ನಾಡಿನ ಮಳೆಯನ್ನು ತಲೆಯ ಮೇಲೆ ಹೊತ್ತದ್ದು ಆ ಹೆಂಚು. ಅದನ್ನು ಉಳಿಸಿಕೊಂಡೇ, ಕೈಗೆಟಕುವ ಖರ್ಚಿನಲ್ಲಿ, ಅಟ್ಟವನ್ನು ವಾಸಯೋಗ್ಯ ಮಾಡಲು ಬರುತ್ತದೆ.

ಬಿಸಿಗಾಳಿ ಮೇಲಕ್ಕೇರುವಂಥದ್ದು. ಆದರೂ ಕೆಳಗೆ ಕೂತವರ ನೆತ್ತಿ ಕಾಯುತ್ತದಲ್ಲ, ಅದು ಕಾದ ಹೆಂಚು ಸೂಸುವ ಕಿರಣಗಳಿಂದ. ಪಕ್ಕಾಸುಗಳ ಅಡಿಯಲ್ಲಿ ಮಿರುಗುವ ಅಲ್ಯೂಮಿನಿಯಂ ಹಾಳೆ ಕಟ್ಟಿದರೆ ಅದರ ಬಹುಪಾಲು ಅಲ್ಲೇ ತಡೆದು ನಿಲ್ಲುತ್ತದೆ. ಹಾಳೆ ಹೆಂಚಿಗೆ ತಾಗಕೂಡದು, ನಡುವೆ ಒಂದೆರಡು ಅಂಗುಲವಾದರೂ ಗಾಳಿಯಿರಬೇಕು. ತಾಗಿತೆಂದರೆ ಲೋಹ ಕಾವನ್ನು ನೇರ ದಾಟಿಸಿಬಿಡುತ್ತದೆ. ಎರಡೂ ಮೈ ಮಿರುಗುವ ಹಾಳೆ ಮೇಲು. ಮೇಲ್ಮೈಗೆ ಧೂಳು ಕೂತು ಮಂಕಾದರೂ ಕೆಳಮೈಯ ಹೊಳಪು ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನೂ ತಂಪು ಬೇಕೆಂದರೆ ಹಾಳೆಯ ಕೆಳಗೆ ತೆಂಗಿನ ನಾರಿನ ಹಾಸನ್ನೋ ಒಣ ಉಮಿ ತುಂಬಿದ ಹಲಗೆಯನ್ನೋ ಕೊಡಬಹುದು. ನಾರು, ಉಮಿ, ಗಾಜಿನ ಉಣ್ಣೆ, ಥರ್ಮೋಕೋಲ್: ಬೆಲೆ ಬೇರೆ, ಕೆಲಸ ಒಂದೇ. ಗಾಳಿಯನ್ನು ಸಣ್ಣ ಸಣ್ಣ ಎಡೆಗಳಲ್ಲಿ ಅಲುಗದಂತೆ ಹಿಡಿದಿಡುವುದು. ಕಾವನ್ನು ತಡೆಯುವುದು ಆ ನಿಂತ ಗಾಳಿ; ನಾವು ದುಡ್ಡು ಕೊಡುವುದು ಅದನ್ನು ಹಿಡಿದಿಡುವ ಕೈಗಳಿಗೆ. ಇದು ಹೊಳೆದ ಮೇಲೆ ಅಕ್ಕಿಗಿರಣಿಯ ಹಿಂದಿನ ಉಮಿಯ ರಾಶಿಯನ್ನು ನಾನು ಗೌರವದಿಂದ ನೋಡುತ್ತೇನೆ. ಸಿಲಿಕಾ ತುಂಬಿದ ಉಮಿ ಬೇಗ ಕೊಳೆಯುವುದೂ ಇಲ್ಲ. ಥರ್ಮೋಕೋಲ್ ಮಾತ್ರ ಹಳೆಯ ವೈರಿಂಗ್ ಇರುವ ಅಟ್ಟಕ್ಕೆ ಬೇಡವೇ ಬೇಡ, ಬೆಂಕಿ ತಾಗಿದರೆ ಕರಗಿ ಉರಿಯುತ್ತದೆ. ವೈರಿಂಗ್ ಬದಲಿಸುವ ಖರ್ಚನ್ನು ಮುಂದಕ್ಕೆ ತಳ್ಳಬಾರದು.

ಹಾಳೆಯ ಮೇಲಿನ ಗಾಳಿಯ ಧರ್ಮ ಬೇರೆ. ಅದು ನಿಲ್ಲಬಾರದು, ಹರಿಯುತ್ತಿರಬೇಕು. ಆಷಾಢದ ಗಾಳಿಮಳೆಗೆ ಹೆಂಚಿನ ಸಂದಿಯಿಂದ ಎರಚಲು ಒಳಬಂದೇ ಬರುತ್ತದೆ. ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಬರುವಂತೆ ಹೊದಿಸಿದ್ದರೆ ನೀರು ಸೂರಿನತ್ತ ಜಾರಿಹೋಗುತ್ತದೆ. ಆದರೆ ಬಂದ ತೇವ ಆರಲೂ ಬೇಕು. ಚೆಂದ ಕಾಣಲೆಂದು ಸೂರನ್ನೂ ಮಾಡಿನ ನೆತ್ತಿಯನ್ನೂ ಬಿಗಿಯಾಗಿ ಮುಚ್ಚಿದರೆ, ತಲೆಮಾರುಗಟ್ಟಲೆ ಬಾಳಿದ ಮರ ಕೆಲವೇ ಮಳೆಗಾಲಗಳಲ್ಲಿ ಕುಂಬಾಗುತ್ತದೆ. ಎರಡೂ ಕಡೆ ಕಿಂಡಿ ಬಿಟ್ಟು, ಇಲಿ ಬಾವಲಿ ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆ ಹೊಡೆದರೆ ಸಾಕು. ಒಂದು ಗಾಳಿಯನ್ನು ತಡೆದು ನಿಲ್ಲಿಸಬೇಕು, ಅದರ ನೆರೆಯ ಗಾಳಿಯನ್ನು ಹೋಗಬಿಡಬೇಕು. ಅಟ್ಟದ ತಂಪೆಲ್ಲ ಇವೆರಡರ ನಡುವೆ ಇದೆ.

ನೆಲಕ್ಕೆ ಅವಸರವಿಲ್ಲ. ಮುಚ್ಚಿಗೆಯ ಹಲಗೆಗಳ ಮೇಲೆ ಹಿರಿಯರು ಮಣ್ಣು ಮೆತ್ತಿದ್ದರೆ ಅದು ಕೆಳಗಿನ ಕೋಣೆಗೆ ಹೊದಿಕೆ, ಕಸವೆಂದು ತೆಗೆಯಬೇಡಿ. ಗೆದ್ದಲು ಹಿಡಿದ ತೊಲೆಯಿದೆಯೇ ಎಂದು ಬಡಗಿಯಿಂದ ಬಡಿದು ನೋಡಿಸಿ, ಮೇಲೆ ಚಾಪೆ ಹಾಸಿದರಾಯಿತು. ಬೆಳಕಿಗೆ ಒಂದು ಗಾಜಿನ ಹೆಂಚು, ಅದೂ ಉತ್ತರದ ಇಳಿಜಾರಿನಲ್ಲಿ. ಬೇಸಿಗೆಯ ಆರಂಭದ ಬಿಸಿಲು ತೆಂಕಣದಿಂದ ಬರುವುದರಿಂದ ಅಲ್ಲಿ ಕಾವು ಕಡಿಮೆ. ಅದರ ಕೆಳಗಿನ ಹಾಳೆಯನ್ನು ಅಷ್ಟಗಲ ಕತ್ತರಿಸಿದರೆ ಮಗುವಿನ ಪುಸ್ತಕದ ಮೇಲೆ ಬೆಳಕು ಬೀಳುತ್ತದೆ.