ಕುರ್ಚಿಯ ಮೇಲಿನ ಒದ್ದೆ ಟವೆಲ್ಲು



ಮನೆ ಆಶೀರ್ವಾದಕ್ಕೆ ಹೋದಾಗ ನಾನು ಮತ್ತೆ ಮತ್ತೆ ಕಾಣುವ ನೋಟವಿದು. ಹುಡುಗನ ಒದ್ದೆ ಟವೆಲ್ಲು ಕುರ್ಚಿಯ ಮೇಲೆ, ಶಾಲೆಯ ಪುಸ್ತಕಗಳು ದೇವರ ಪೀಠದ ಮೇಲೆ. "ಎಷ್ಟು ಹೇಳಿದ್ರೂ ಕೇಳಲ್ಲ ಫಾದರ್, ನೀವಾದ್ರೂ ಬುದ್ಧಿ ಹೇಳಿ" ಎನ್ನುತ್ತಾರೆ ತಾಯಿ. ಹುಡುಗ ಮಾತಾಡುವುದಿಲ್ಲ. ಪಕ್ಕದ ಕುರ್ಚಿಯ ಮೇಲಿರುವ ಅಪ್ಪನ ಟವೆಲ್ಲನ್ನೊಮ್ಮೆ ನೋಡುತ್ತಾನೆ, ಅಷ್ಟೆ.

ಇಲ್ಲಿ ತಪ್ಪು ಯಾರದು? ಮಾಡಿ ಮಾಡಿಯೇ ಮನುಷ್ಯನ ಗುಣ ರೂಪುಗೊಳ್ಳುತ್ತದೆ ಎಂಬುದು ಅರಿಸ್ಟಾಟಲನ ವಾದ. ಮಗು ಮಾಡುವುದು ಕಂಡದ್ದನ್ನು, ಕೇಳಿದ್ದನ್ನಲ್ಲ. 10 ವರ್ಷದವನನ್ನು ಸೋಮಾರಿ ಎಂದು ಜರೆಯುವ ಮುನ್ನ ನಾವು ದೊಡ್ಡವರು ಸ್ವಲ್ಪ ನಾಚಬೇಕು.

ಹಾಗಾದರೆ 40 ವರ್ಷದವನೂ "ನಮ್ಮ ಮನೇಲಿ ಹೀಗೇ ಇತ್ತು" ಎನ್ನಬಹುದೇ? ಹೆಂಡತಿ ದಿನವೂ ಅವನ ಹಿಂದೆ ಎತ್ತಿಡುತ್ತಾ ಬರುವಾಗ? ಇದನ್ನು ನಾನು ಒಪ್ಪಲಾರೆ. ತಂದೆಯ ದೋಷ ಮಗನ ತಲೆಗೆ ಬಾರದೆಂದು ಯೆಜೆಕಿಯೇಲನ ಗ್ರಂಥದ 18ನೇ ಅಧ್ಯಾಯ ಸಾರುತ್ತದೆ, ನಿಜ. ಮಗನ ನಡತೆಗೆ ಮಗನೇ ಹೊಣೆ ಎನ್ನುವುದೂ ಅದೇ ಅಧ್ಯಾಯ. ರೂಢಿಯನ್ನು ಬಳಸುವುದು, ಬಿಡುವುದು ನಮ್ಮ ಇಚ್ಛೆಗೆ ಸೇರಿದ್ದು, ಬಳಸದೆ ಬಿಟ್ಟರೆ ಅದು ಕ್ಷೀಣಿಸುತ್ತದೆ ಎನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ಒಂದೇ ದಿನದಲ್ಲಲ್ಲ ಬಿಡಿ!

ಅಪ್ಪಂದಿರೇ, "ನನಗೂ ಇದು ಬರಲಿಲ್ಲ ಕಣೋ, ಬಾ, ಇಬ್ಬರೂ ಕಲಿಯೋಣ" ಎಂದು ಮಗನಿಗೆ ಹೇಳಲು ನಿಮಗೇಕೆ ಅಷ್ಟು ಕಷ್ಟ? ತಪ್ಪೊಪ್ಪಿಕೊಂಡರೆ ಗೌರವ ಹೋದೀತೆಂಬ ಭಯವೇ?

ಇದನ್ನು ಬರೆಯುತ್ತಿರುವ ನನ್ನ ಮೇಜಿನ ಮೇಲೂ ಕಾಗದಗಳ ರಾಶಿಯಿದೆ. ನನ್ನ ತಂದೆಯವರ ಮೇಜೂ ಹೀಗೇ ಇತ್ತು. ಅವರೀಗ ಇಲ್ಲ, ದೂರುವಂತೆಯೂ ಇಲ್ಲ. ಬೆಳಗಿನಿಂದ ಅರ್ಧ ರಾಶಿ ಕರಗಿಸಿದ್ದೇನೆ.