ಕೂರುತ್ತೆ, ಆದರೆ ಹೊಂದುತ್ತಾ?

ಈ ಸಲದ್ದನ್ನು ಡ್ರೈವ್ ಮಾಡ್ತಾ ಕೇಳೋದಕ್ಕಿಂತ ಕೂತು ಓದೋದೇ ವಾಸಿ. ಅಂಕಿ, ಅಕ್ಷರ ಜಾಸ್ತಿ ಇವೆ.

ನಮ್ಮ ಹಳೇ ಕೊರೊಲಾ ಮಾರಲು ಹೊರಟಿದ್ದೆ. ಕೊಳ್ಳುವವಳು ಎಂ.ಎಸ್. ಓದೋಕೆ ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದ ಹುಡುಗಿ. ಮುಂದಿನ ಬ್ರೇಕ್ ಪ್ಯಾಡ್ ಸವೆದಿದ್ದವು, ನಾನೇ ಬದಲಾಯಿಸಿದೆ. "ಬ್ರೇಕ್ ಹೊಸದಾ ಅಂಕಲ್?" ಅಂತ ಫೋನಿನಲ್ಲಿ ಕೇಳಿದಳು. "ಹೂಂನಮ್ಮಾ, ಹೋದ ವಾರ ಹಾಕಿದ್ದು" ಅಂದೆ. ಸುಳ್ಳೇನಲ್ಲ. ಆದರೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಟೊಯೋಟಾ ಬಿಡಿಭಾಗದ ನಂಬರಿನಲ್ಲಿ ಮೊದಲ ಐದು ಅಂಕಿ ಅದು ಯಾವ ಭಾಗ ಅಂತ ಹೇಳುತ್ತೆ. 04465 ಅಂದರೆ ಮುಂದಿನ ಪ್ಯಾಡ್, 04466 ಅಂದರೆ ಹಿಂದಿನದು. ಅಡ್ಡಗೆರೆಯ ನಂತರದ ಐದು, ಅದು ಯಾವ ಗಾಡಿಗೆ ಅನ್ನೋದನ್ನ ಬೇರ್ಪಡಿಸುತ್ತೆ. ಒಂದೇ ವರ್ಷದ ಒಂದೇ ಮಾಡೆಲ್ ಆದರೂ ಕಾರ್ಖಾನೆ ಬೇರೆಯಾದರೆ ಭಾಗ ಬೇರೆಯಾಗಬಹುದು. ಅದಕ್ಕೇ ಅಂಗಡಿಯವರು 17 ಅಕ್ಷರದ ವಿನ್ ನಂಬರ್ ಕೇಳೋದು, ಅದು ಕಾರಿನ ಜಾತಕ. ನನ್ನ ಜಾತಕಕ್ಕೆ ಎರಡು ಡಬ್ಬಿ ಕೂಡಿಬಂದವು. ಎರಡೂ "ಫಿಟ್" ಅಂದಿತು ಕಂಪ್ಯೂಟರ್. ಮಾರೋ ಗಾಡಿಗೆ ಇಷ್ಟು ಸಾಕು ಅಂತ ಅಗ್ಗದ್ದು ತಂದೆ.

ಆದರೆ ಪ್ಯಾಡಿನ ಮೇಲೆ ಎರಡು ಸಣ್ಣ ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ ಪ್ಯಾಡ್ ಎಷ್ಟು ಹಿಡಿಯುತ್ತೆ ಅನ್ನೋ ಗುರುತು. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ನಾನು ತೆಗೆದದ್ದು ಎಫ್ಎಫ್, ಹಾಕಿದ್ದು ಇಇ. ಕ್ಯಾಲಿಪರಿನಲ್ಲಿ ಚಂದವಾಗೇ ಕೂತಿದೆ. ಅಷ್ಟೇ ಬೇಗ ನಿಲ್ಲಿಸಬೇಕಾದರೆ ಪೆಡಲನ್ನು ಮಾತ್ರ ಇನ್ನಷ್ಟು ಒತ್ತಬೇಕು.

ಇದು ಮೋಸವೇ? ಕಾನೂನು ಮುರಿದಿಲ್ಲ, ನಾನೂ ಒಂದು ಕಾಲದಲ್ಲಿ ಅಗ್ಗದ್ದರಲ್ಲೇ ಓಡಾಡಿದವನು. ಬಡ ವಿದ್ಯಾರ್ಥಿಗೆ ದುಬಾರಿ ಪ್ಯಾಡ್ ಹಾಕಿಕೊಡಲೇಬೇಕು ಅನ್ನೋ ಧರ್ಮವೂ ಇಲ್ಲ ಅಂತ ನನಗನಿಸುತ್ತೆ. ನನ್ನನ್ನು ಚುಚ್ಚಿದ್ದು ಬೇರೆ. "ಹೊಸದಾ?" ಅಂದಾಗ ಅವಳು ಕೇಳಿದ್ದು "ಇದನ್ನ ನಂಬಿ ಓಡಿಸಬಹುದಾ?" ಅಂತ. ನಾನು ಕೊಟ್ಟಿದ್ದು ತಾರೀಖಿನ ಉತ್ತರ. ಆ ಎರಡು ಅಕ್ಷರ ಓದೋಕೆ ಬರೋದು ನನಗೆ, ಪೆಡಲ್ ಒತ್ತೋದು ಅವಳು.

ಬೆಳಗ್ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ಇಇ ಅಂದ್ರ ಏನ್ರೀ ಅಂಕಲ್?" ಅಂದಳು. ಅರ್ಧ ಗಂಟೆ ವಿವರಿಸಿದೆ. ಕೊನೆಗೆ, "ಹಂಗಾದ್ರ ನಲವತ್ತು ಡಾಲರ್ ಕಮ್ಮಿ ಮಾಡ್ರಿ, ನಾನೇ ಎಫ್ಎಫ್ ಹಾಕಸ್ತೀನಿ" ಅಂದಳು. ಐವತ್ತು ಕಮ್ಮಿ ಮಾಡಿದೆ. ಶನಿವಾರ ಜ್ಯಾಕ್ ಹಿಡಿದುಕೊಂಡು ನಾನೂ ಹೋಗ್ತಿದ್ದೀನಿ.