ಹಣ ಕೊಟ್ಟರೆ ಮುಗಿಯುವ ಕೆಲಸ



ಬೇಸಿಗೆ ರಜೆ ಬಂದೊಡನೆ ಅನೇಕ ಕುಟುಂಬಗಳಲ್ಲಿ ಮನೆಯ ದುರಸ್ತಿಯ ಮಾತು ಏಳುತ್ತದೆ. ಗೋಡೆಗೆ ಸುಣ್ಣಬಣ್ಣ, ತಾರಸಿಯ ಬಿರುಕಿಗೆ ಸಿಮೆಂಟು, ಹೂಕುಂಡಗಳಿಗೆ ಹೊಸ ಮಣ್ಣು, ಇವೆಲ್ಲ ಮಳೆಗಾಲಕ್ಕೆ ಮುನ್ನವೇ ಆಗಬೇಕು. ಆಗ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: "ಹಣ ಕೊಟ್ಟರೆ ಕೆಲಸದವರು ಮಾಡುತ್ತಾರಲ್ಲ, ನಾವೇಕೆ ಮಾಡಬೇಕು?" ಇದನ್ನು ಸೋಮಾರಿಗಳ ಮಾತೆಂದು ತಳ್ಳಿಹಾಕಬೇಡಿ. ಕೂಲಿಯನ್ನೇ ನಂಬಿದವರ ದುಡಿಮೆಯನ್ನು ತಪ್ಪಿಸಿ ನಾವು ಉಳಿತಾಯ ಮಾಡುವುದು ಸರಿಯೇ ಎಂಬ ನೈತಿಕ ಪ್ರಶ್ನೆಯೂ ಅದರೊಳಗೆ ಅಡಗಿದೆ.

ಜಯನಗರವನ್ನೇ ನೋಡಿ. 1948ರಲ್ಲಿ ರೂಪುಗೊಂಡ ಈ ಬಡಾವಣೆಯ ಹಳೆಯ ಮನೆಗಳಿಗೆ ಮಣ್ಣಿನ ಅಂಗಳವಿತ್ತು, ತೆಂಗಿನ ಮರವಿತ್ತು. ವಾಹನಗಳು ಹೆಚ್ಚಿದಂತೆ ಅಂಗಳಗಳು ಸಿಮೆಂಟಿನಡಿ ಸೇರಿದವು. ಮಳೆಯ ನೀರಿಗೆ ಇಂಗಲು ಎಡೆಯಿಲ್ಲದಾಯಿತು. 2009ರಲ್ಲಿ ಸರ್ಕಾರ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಜಲಮಂಡಳಿಯು ಜಯನಗರದ 5ನೇ ಬ್ಲಾಕಿನಲ್ಲಿ ಇದಕ್ಕೆಂದೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕೇಂದ್ರವನ್ನು ತೆರೆಯಿತು. ಅನೇಕ ಮನೆಗಳಲ್ಲಿ ಇಂಗುಗುಂಡಿಗಳು ಬಂದವು. ಆದರೂ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ, ಗಿಡಗಳಿಗೆ ನೀರುಣಿಸಿದವರಿಗೆ 5,000 ರೂಪಾಯಿ ದಂಡ ವಿಧಿಸುವ ಆದೇಶವನ್ನು ಮಂಡಳಿ ಹೊರಡಿಸಬೇಕಾಯಿತು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನು ಸೇವೆಯಲ್ಲಿದ್ದ ಗುರುನಿವಾಸದ ಅಂಗಳದಲ್ಲಿ ಇಂಗುಗುಂಡಿ ತೋಡಿಸಿದೆ. ಕೆಲಸದವರು ಚೆನ್ನಾಗಿಯೇ ಮಾಡಿಕೊಟ್ಟರು. ನಾನು ಹಣ ಕೊಟ್ಟೆ, ಕೆಲಸ ಮುಗಿಯಿತೆಂದುಕೊಂಡೆ. ಎರಡು ಮಳೆಗಾಲ ಅದರ ಮುಚ್ಚಳವನ್ನು ತೆರೆದು ನೋಡಲಿಲ್ಲ. ಒಂದು ರಾತ್ರಿ ಸುರಿದ ಮಳೆಗೆ, ತಗ್ಗಿನ ಮನೆಯ ತಾಯಿಯೊಬ್ಬರು ಬಂದು ಮೆಲ್ಲಗೆ ಹೇಳಿದರು: "ಫಾದರ್, ನಿಮ್ಮ ಅಂಗಳದ ನೀರು ನಮ್ಮ ಅಡುಗೆಮನೆಗೆ ಬಂದಿದೆ." ಮುಚ್ಚಳ ತೆಗೆದರೆ ಜಲ್ಲಿಯ ಮೇಲೆ ಕೊಳೆತ ಎಲೆಗಳು ಗೇಣುದ್ದ ಕೂತಿದ್ದವು. ಅಂದು ನಾನು ಆ ಮನೆಯ ನೀರನ್ನು ಬಳಿಯಲು ಹೋದೆ. ಆಕೆ ಬೇಡವೆಂದರೂ ಬಿಡಲಿಲ್ಲ.

ಕಾನೂನು ಗುಂಡಿಯನ್ನು ತೋಡಿಸಬಲ್ಲದು, ಹಣವೂ ತೋಡಿಸಬಲ್ಲದು. ಆದರೆ ವರ್ಷವರ್ಷವೂ ಅದರ ಎಲೆ ತೆಗೆಯಲು, ಇದು ನನ್ನದೆನ್ನುವ ಒಬ್ಬರು ಬೇಕು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮಾನವನನ್ನು ತೋಟದಲ್ಲಿರಿಸಿದ್ದು ವ್ಯವಸಾಯ ಮಾಡಲು ಮಾತ್ರವಲ್ಲ, ಕಾಯಲು ಸಹ. ಮೊದಲನೆಯದಕ್ಕೆ ಕೂಲಿಯವರ ನೆರವು ದೊರೆಯುತ್ತದೆ. ಎರಡನೆಯದನ್ನು ಮನೆಯವರೇ ಹೊರಬೇಕು.

ಹಾಗಾದರೆ ಕೆಲಸದವರನ್ನು ಕರೆಯುವುದು ಬೇಡವೇ? ಖಂಡಿತ ಕರೆಯಿರಿ. ಆಳವಾದ ಗುಂಡಿ ತೋಡುವುದು ಅಪಾಯದ ಕೆಲಸ. ಅದು ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರಂಥ ನುರಿತವರಿಗೇ ಸಲ್ಲಬೇಕು. ಚೌಕಾಸಿ ಮಾಡದೆ ಕೊಡಿ. ಸೂರ್ಯ ಮುಳುಗುವ ಮುನ್ನ ಕೂಲಿ ಸಲ್ಲಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ನಿಮ್ಮ ಮಕ್ಕಳು ಅವರ ಪಕ್ಕದಲ್ಲಿ ಮಣ್ಣು ಹೊರಲಿ, ಅವರೊಂದಿಗೇ ಕೂತು ಊಟ ಮಾಡಲಿ. ಒಂದು ಬುಟ್ಟಿ ಮಣ್ಣನ್ನು ಹೊತ್ತ ಮಗು ಬುಟ್ಟಿ ಹೊರುವವರನ್ನು ಏಕವಚನದಲ್ಲಿ ಕರೆಯಲು ಹಿಂಜರಿಯುತ್ತದೆ.

ಉಳಿದದ್ದನ್ನು ನೀವೇ ಮಾಡಿ. ತಾರಸಿಯನ್ನು ಗುಡಿಸುವುದು, ಕೊಳವೆಯ ಬಾಯಿಗೆ ಜಾಲರಿ ಕಟ್ಟುವುದು, ಸೋಸುವ ಜಲ್ಲಿಯನ್ನು ತೊಳೆಯುವುದು, ಸಿಮೆಂಟಿನ ಒಂದು ಪಟ್ಟಿಯನ್ನಾದರೂ ಒಡೆದು ಗಿಡ ನೆಡುವುದು ಒಂದು ಶನಿವಾರದ ಕೆಲಸ. ಮಕ್ಕಳಿಗೆ ಲೆಕ್ಕವನ್ನೂ ಹೇಳಿಕೊಡಿ: 100 ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು. ಅದು ಭೂಮಿಗೆ ಇಳಿದರೆ ಬೀದಿಯ ಎಲ್ಲರಿಗೂ ಆಸರೆ. ಹೊರಗೆ ಹರಿದರೆ ತಗ್ಗಿನಲ್ಲಿರುವ ಬಡವನ ಮನೆಗೆ ಕೇಡು. ನಮ್ಮ ತಾರಸಿಯ ನೀರಿನಲ್ಲಿ ನೆರೆಯವನ ಪಾಲಿದೆ.

1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಅದು ನಮ್ಮ ಮಕ್ಕಳ ರಜೆಯ ನಡುವೆಯೇ ಬರುತ್ತದೆ. ಪ್ರಭು ಯೇಸು ಬಡಗಿಯ ಕೆಲಸ ಕಲಿತದ್ದು ನಜರೇತಿನ ಮನೆಯಲ್ಲಿ, ತಂದೆಯ ಪಕ್ಕದಲ್ಲಿ ನಿಂತು. ಈ ವರ್ಷ ಆ ದಿನ ಪೂಜೆಯಿಂದ ಹಿಂದಿರುಗಿದ ಮೇಲೆ, ಮಕ್ಕಳನ್ನು ಕರೆದುಕೊಂಡು ನಿಮ್ಮ ಇಂಗುಗುಂಡಿಯ ಮುಚ್ಚಳವನ್ನು ಒಮ್ಮೆ ತೆರೆದು ನೋಡಿ.